ನಡುರಾತ್ರಿ ಏರಿದ ಕಾವು

ಜಗಳೂರು ಸೀಮೆಯಲ್ಲಿ ಬೆಳೆದವರಿಗೆ ರಾತ್ರಿಯ ಬಗ್ಗೆ ಪಾಠ ಬೇಕಿಲ್ಲ. ಹೊತ್ತು ಮುಳುಗಿದ ಮೇಲೆ ಒಣನೆಲ ತಣ್ಣಗಾಗುತ್ತಲೇ ಹೋಗುತ್ತದೆ. ಬೆಳಗಿನ ಜಾವಕ್ಕೆ ಹಲ್ಲು ಕಟಕಟ ಎನ್ನುತ್ತವೆ. ಈ ತಿಳಿವಳಿಕೆಯೇ ನನ್ನನ್ನು ದಾರಿ ತಪ್ಪಿಸಿತು.

ನ್ಯಾಮತಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಸೇರಿದ್ದೆ. ಸಮಭಾಜಕ ವೃತ್ತದ ಹತ್ತಿರ, ನೆಲದಿಂದ ಇನ್ನೂರು ಮುನ್ನೂರು ಕಿಲೋಮೀಟರ್ ಮೇಲೆ, ರಾತ್ರಿ ಗಾಳಿಯ ತಾಪ ಹೇಗೆ ಬದಲಾಗುತ್ತದೆ ಎಂಬುದು ವಿಷಯ. ಅಲ್ಲಿ ಕಣ್ಣಿಗೆ ಕಾಣದಷ್ಟು ಮಂದವಾದ ಕೆಂಪು ಬೆಳಕು ಹೊಮ್ಮುತ್ತದೆ. ವೀಕ್ಷಣಾಲಯದ ಉಪಕರಣ ಅದನ್ನು ನೋಡಿ ತಾಪ ಹೇಳುತ್ತದೆ. ಸಂಜೆಯಿಂದ ಇಳಿಯುತ್ತ ಬಂದ ತಾಪದ ಗೆರೆ ನಡುರಾತ್ರಿಯ ಹೊತ್ತಿಗೆ ಗೂನು ಬೆನ್ನಿನ ಹಾಗೆ ಮೇಲೇಳುತ್ತಿತ್ತು. ಸೂರ್ಯನೇ ಇಲ್ಲದಾಗ ಎಲ್ಲಿಯ ಕಾವು ಎಂದು ಸಿಟ್ಟಾಗಿ, ಮೂರು ತಿಂಗಳು ಆ ಅಂಕಿಗಳನ್ನೆಲ್ಲ ಶೇಂಗಾ ಹೊಲದ ಕಳೆಯಂತೆ ಕಿತ್ತು ಹಾಕಿದೆ.

ದಸರಾ ರಜೆಗೆ ಊರಿಗೆ ಹೋದಾಗಲೂ ಇದನ್ನೇ ಗೊಣಗುತ್ತಿದ್ದೆ. ಕುರಿ ಸಾಕುವ ಅಪ್ಪ ಕೇಳಿಸಿಕೊಂಡರು.

"ಚಳಿ ಏರಿದಂಗೆ ಕುರಿ ನಾಕೂ ಕಡೆಯಿಂದ ಒತ್ತಿಕೊಂಡು ಬರ್ತಾವೆ. ನಡುವೆ ಕೈ ಇಟ್ಟು ನೋಡವ್ವ, ಬಿಸಿ ಇರ್ತೈತೆ. ಅಲ್ಲಿ ಬೆಂಕಿ ಹಾಕಿದೋರು ಯಾರು?"

ಓದಿದವಳು ನಾನು, ನಾಚಿಕೆಯಾಯಿತು. ವಾಪಸು ಬರುವಾಗ ಬಸ್ಸು ಹೊನ್ನಾಳಿ ದಾಟುವಷ್ಟರಲ್ಲಿ ಕಿತ್ತ ಅಂಕಿಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಮತ್ತೆ ಕೂರಿಸಿದ್ದೆ. ಗಾಳಿಯ ಅಲೆಗಳು ಒಂದೆಡೆ ಸೇರಿ ಒತ್ತಿದರೆ ಕಾವು ಏರುತ್ತದೆಂದು ಪುಸ್ತಕಗಳೂ ಹೇಳಿದವು. ಚನ್ನಗಿರಿ ಕಡೆಯವರಾದ ನನ್ನ ಮಾರ್ಗದರ್ಶಕರು ಮಾತ್ರ ಒಪ್ಪಲಿಲ್ಲ. ನಮ್ಮಲ್ಲಿ ಕಂಡದ್ದು ಉಪಕರಣದ ಕೋಣೆ ಬಿಸಿಯಾದ ದೋಷ, ಅದರ ಮೇಲೆ ಬರೆದ ಅಧ್ಯಾಯ ತೆಗೆಯದಿದ್ದರೆ ಐದು ವರ್ಷದ ಕೆಲಸ ವೈವಾದಲ್ಲಿ ಮುಳುಗುತ್ತದೆ ಎಂದರು.

ನಾನು ಮೊದಲೇ ಹಠಮಾರಿ. ಒಂದೊಂದು ರಾತ್ರಿಯ ಗೆರೆಯನ್ನೂ ಸಾಲಾಗಿ ಜೋಡಿಸಿದೆ. ಕೋಣೆಯ ಏಸಿ ನಿಂತು ಬಿಸಿಯೇರುವುದು ದಿನಾ ಒಂದೇ ಹೊತ್ತಿಗೆ. ದೋಷವಾಗಿದ್ದರೆ ಗೂನೂ ಅದೇ ಹೊತ್ತಿಗೆ ಏಳಬೇಕಿತ್ತು. ಅದೋ, ಋತು ಬದಲಾದಂತೆ ಹಿಂದೆ ಮುಂದೆ ಸರಿಯುತ್ತಿತ್ತು. ಅಧ್ಯಾಯ ತೆಗೆಯಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದೇ, ಇದು ಕೋಣೆಯ ಬಿಸಿಯ ದೋಷವಲ್ಲವೇ ಎಂದು. ಗೆರೆಗಳ ಸಾಲನ್ನು ಪರದೆಯ ಮೇಲೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಇದಕ್ಕೆ ನೀವೇನಂತೀರಿ ಎಂದು ಮಾರ್ಗದರ್ಶಕರತ್ತ ತಿರುಗಿದರು. ಮಾರ್ಗದರ್ಶಕರು ಎದ್ದು ನಿಂತರು.

"ಆ ಕಾವು ಖರೇನೇ ಐತ್ರೀ. ತೆಗೀರಿ ಅಂದೋನು ನಾನು, ತಪ್ಪು ನಂದು."

ಹೆಮ್ಮೆಯಿಂದ ಎದೆ ಉಬ್ಬಿತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಮುಂದಿನ ಪ್ರಶ್ನೆ ಕೇಳಿ ಸರ್ ಎಂದೆ. ಕೇಳಲು ಇನ್ನೇನೂ ಉಳಿದಿಲ್ಲ ಡಾಕ್ಟರೇ ಎನ್ನುತ್ತ ಪರೀಕ್ಷಕರು ಸಹಿ ಮಾಡಲು ಪೆನ್ನು ತೆಗೆದರು.