ಅಜ್ಜಂಪುರದಲ್ಲಿ ಕ್ಯಾಮರೂನ್

ಸಿಂಗಟಗೆರೆಯಿಂದ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಹದಿಮೂರು ಜನ ಹತ್ತಿದೆವು: ಹನ್ನೆರಡು ಹುಡುಗಿಯರು ಮತ್ತು ನಾನು. ಡಿಸೆಂಬರಿನ ಚಳಿ, ಕಿಟಕಿಯ ಗಾಜು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಡುವೆ ನಿಂತಿತ್ತು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಎಲ್ಲರ ಆಧಾರ್ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ತಂದಿದ್ದೆ. ಕಂಡಕ್ಟರ್ ಒಂದೊಂದನ್ನೂ ತಿರುಗಿಸಿ ನೋಡಿ ಸೊನ್ನೆ ಟಿಕೆಟ್ ಕೊಟ್ಟ. ಆಮೇಲೆ ಬಲೆಯ ಚೀಲದಲ್ಲಿದ್ದ ನಾಲ್ಕು ಫುಟ್‌ಬಾಲುಗಳ ಮೇಲೆ ಅವನ ಕಣ್ಣು ಬಿತ್ತು. ಅದಕ್ಕೆ ಹತ್ತು ರೂಪಾಯಿ ಲಗೇಜು ಎಂದ. ಗಾಳಿಗೆ ಲಗೇಜು ಹಾಕುವ ಕಾನೂನು ಯಾವುದು, ತೋರಿಸು ಎಂದೆ. ಜಗಳ ಕಡೂರಿನವರೆಗೂ ನಡೆಯಿತು, ನಾನು ಹತ್ತು ರೂಪಾಯಿ ಕೊಡಲಿಲ್ಲ. ನನ್ನ ಕೋಪ ಊರಿಗೆಲ್ಲ ಗೊತ್ತಿರುವುದೇ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಇಪ್ಪತ್ತೆರಡು ವರ್ಷ ವ್ಯಾಯಾಮ ಶಿಕ್ಷಕಿಯಾಗಿದ್ದವಳು ನಾನು. ಅಪ್ಪ ಬೀರೂರಿನಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು, ಕ್ವಾರ್ಟರ್ಸಿನ ಹಿಂದಿನ ಬಯಲಲ್ಲಿ ಗಂಡುಹುಡುಗರ ಜೊತೆ ಚೆಂಡು ಒದೆಯಲು ಕಲಿತೆ. ಕೆಲಸ ಬಿಟ್ಟ ಮೇಲೆ ಊರಿನ ಹುಡುಗಿಯರನ್ನು ಸೇರಿಸಿ ಕೆರೆಯ ಅಂಗಳದಲ್ಲಿ ಆಡಿಸುತ್ತಿದ್ದೇನೆ. ಕೆರೆಗೆ ನೀರು ಬಂದರೆ ಊರೆಲ್ಲ ಬಾಗಿನ ಕೊಡುತ್ತದೆ, ನಮಗೆ ಮಾತ್ರ ಮೈದಾನ ಹೋಗುತ್ತದೆ.

ನಾವು ಹೊರಟಿದ್ದು ಒಂದು ವಿಚಿತ್ರ ಟೂರ್ನಿಗೆ. ಒಂದೊಂದು ಖಂಡದಲ್ಲಿ ಗೆದ್ದ ದೇಶಗಳು ಮಾತ್ರ ಸೇರಿ ಆಡುವ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದು ಹಿಂದೆ ನಡೆಯುತ್ತಿತ್ತು, ಈಗ ನಿಂತಿದೆ. ದೊಡ್ಡವರು ಕೈಬಿಟ್ಟದ್ದನ್ನು ಅಜ್ಜಂಪುರದ ಸಂಘವೊಂದು ಎತ್ತಿಕೊಂಡು, ಆರು ಊರಿನ ಹುಡುಗಿಯರ ತಂಡಗಳಿಗೆ ಖಂಡಕ್ಕೊಂದರಂತೆ ಆರು ದೇಶಗಳ ಹೆಸರು ಕೊಟ್ಟಿತ್ತು. ಆತಿಥೇಯ ಅಜ್ಜಂಪುರ ಯೂರೋಪಿನ ಸ್ಪೇನ್, ತರೀಕೆರೆ ಬ್ರೆಜಿಲ್, ಕಡೂರು ಜಪಾನ್, ಬೀರೂರು ಮೆಕ್ಸಿಕೊ, ಶಿವನಿ ನ್ಯೂಜಿಲೆಂಡ್. ಸಿಂಗಟಗೆರೆಗೆ ಆಫ್ರಿಕಾದ ಕ್ಯಾಮರೂನ್. ಯಾರು ಹಂಚಿದರು ಎಂದು ಫೋನಿನಲ್ಲಿ ಕೇಳಿದ್ದಕ್ಕೆ, ಚೀಟಿ ಎತ್ತಿದೆವು ಎಂದರು. ಆ ಚೀಟಿಯನ್ನು ಯಾವ ತಂಡದವರೂ ನೋಡಿರಲಿಲ್ಲ.

ನಮ್ಮ ಹುಡುಗಿಯರು ಮಾತ್ರ ಕ್ಯಾಮರೂನನ್ನು ಮನಸಾರೆ ಒಪ್ಪಿಕೊಂಡಿದ್ದರು. ಆ ದೇಶ ಇದೇ ಪಂದ್ಯಾವಳಿಯಲ್ಲಿ ಒಮ್ಮೆ ಫೈನಲ್ಲಿಗೆ ಬಂದಿತ್ತು ಎಂದು ಮೊಬೈಲಿನಲ್ಲಿ ಹುಡುಕಿ ನನಗೇ ಹೇಳಿದರು. ಹಸಿರು, ಕೆಂಪು, ಹಳದಿ ರವಿಕೆ ಬಟ್ಟೆ ಜೋಡಿಸಿ, ನಡುವೆ ಹಳದಿ ನಕ್ಷತ್ರ ಹೊಲಿದು ಬಾವುಟ ಮಾಡಿದ್ದರು. ಹೊಲಿದವಳು ನಾಯಕಿ ರೂಪಾ.

ಈ ಪ್ರಯಾಣವೆಲ್ಲ ಅವಳಿಗಾಗಿ ಎಂದರೂ ಸರಿಯೇ. ಫೈನಲ್ ನೋಡಲು ಕ್ರೀಡಾ ಹಾಸ್ಟೆಲ್ಲಿಗೆ ಆಟಗಾರ್ತಿಯರನ್ನು ಆರಿಸುವ ಅಧಿಕಾರಿಯೊಬ್ಬರು ಬರುವವರಿದ್ದರು. ಅಲ್ಲಿ ಸೇರಿದರೆ ಊಟ, ಓದು, ದಿನಾ ಎರಡು ಹೊತ್ತು ತರಬೇತಿ. ರೂಪಾಗೆ ಹದಿನೇಳು, ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತದೆ. ಈ ಸಲ ಆಗದಿದ್ದರೆ ಕಡೂರಿನ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಕಾದಿತ್ತು, ಅವಳ ತಾಯಿ ಮಾತಾಡಿ ಬಂದಿದ್ದರು. ಆ ಹುಡುಗಿ ಎಡಗಾಲಲ್ಲಿ ಒದ್ದರೆ ಚೆಂಡು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಅಂಥ ಕಾಲನ್ನು ಇಷ್ಟು ವರ್ಷಗಳಲ್ಲಿ ನಾನು ಇನ್ನೊಂದು ನೋಡಿಲ್ಲ.

ಕಡೂರಿನ ನಿಲ್ದಾಣದ ಎದುರು ಇಡ್ಲಿ, ಚಿತ್ರಾನ್ನ ತಿಂದೆವು. ಚಟ್ನಿ ಎರಡನೇ ಸಲ ಹಾಕಲು ಹೋಟೆಲಿನವನು ಮುಖ ಸಿಂಡರಿಸಿದ, ಅವನಿಗೂ ನನ್ನಿಂದ ನಾಲ್ಕು ಮಾತು ಸಿಕ್ಕಿತು. ಅಲ್ಲಿಂದ ಬೀರೂರಿನ ಮೇಲೆ ತರೀಕೆರೆಗೆ ಮುಕ್ಕಾಲು ಗಂಟೆಗೂ ಮೇಲಾಯಿತು. ರಸ್ತೆಯ ಮೇಲೆಲ್ಲ ರಾಗಿ ತೆನೆ ಹರಡಿದ್ದರು, ಬಸ್ಸು ಹೋಗುತ್ತ ಅವರಿಗೆ ಒಕ್ಕಣೆಯನ್ನೂ ಮಾಡಿಕೊಟ್ಟು ಹೋಯಿತು.

ತರೀಕೆರೆಯಲ್ಲಿ ಮೊದಲ ದಿನದ ಪಂದ್ಯಗಳು. ಮೈದಾನದ ಒಂದು ಮೂಲೆಯಲ್ಲಿ ಜಲ್ಲಿ ರಾಶಿ, ಇನ್ನೊಂದು ಮೂಲೆಯಲ್ಲಿ ಎರಡು ಎಮ್ಮೆ. ಕಡೂರನ್ನು ಮೂರು ಸೊನ್ನೆಯಿಂದ ಸೋಲಿಸಿದೆವು, ಮಧ್ಯಾಹ್ನ ತರೀಕೆರೆಯನ್ನೂ ಎರಡು ಒಂದರಿಂದ. ಮೂರು ತಂಡಗಳ ನಮ್ಮ ಗುಂಪಿನಿಂದ ನಾವೇ ಫೈನಲ್ಲಿಗೆ ಬಂದೆವು. ಸೋತ ತರೀಕೆರೆ ಹುಡುಗಿಯರು ಬಂದು ನಮ್ಮ ಬಾವುಟವನ್ನು ಮುಟ್ಟಿ ನೋಡಿ, ಫೋಟೊ ತೆಗೆಸಿಕೊಂಡರು. ಸಂಜೆ ಒಂದು ಛತ್ರದಲ್ಲಿ ಅನ್ನ ಸಾರು ಹಾಕಿದರು, ಜಮಖಾನ ಕೊಟ್ಟರು. ಈ ಪ್ರವಾಸದಲ್ಲಿ ನಾನು ಯಾರ ಮೇಲೂ ಸಿಡುಕದೆ ಕಳೆದದ್ದು ಆ ಸಂಜೆ ಮಾತ್ರ.

ಮರುದಿನ ಬೆಳಿಗ್ಗೆ ಅಜ್ಜಂಪುರಕ್ಕೆ ಹೊರಟೆವು. ತರೀಕೆರೆ ಬಿಟ್ಟ ಸ್ವಲ್ಪ ಹೊತ್ತಿಗೇ ಬೆಟ್ಟಗಳು ಹಿಂದೆ ಉಳಿದು ಕಪ್ಪು ಎರೆ ಹೊಲ ಶುರುವಾಗುತ್ತದೆ. ರಸ್ತೆ ಬದಿ ಈರುಳ್ಳಿ ಮೂಟೆ ಒಟ್ಟಿದ್ದರು, ಬಸ್ಸಿನೊಳಗೂ ಅದೇ ವಾಸನೆ. ಒಂದು ಗಂಟೆಯ ದಾರಿ. ಹುಡುಗಿಯರು ಹಾಡಿದ್ದೇ ಹಾಡಿದ್ದು.

ಅಜ್ಜಂಪುರದ ಮೈದಾನಕ್ಕೆ ಬಂದಾಗ ಹತ್ತು ಗಂಟೆ. ಶಾಮಿಯಾನ, ಐವತ್ತು ಕೆಂಪು ಕುರ್ಚಿ, ಗಂಟಲು ಹರಿದುಕೊಳ್ಳುವ ಮೈಕು. ಗೋಲು ಪೋಸ್ಟಿಗೆ ಬಲೆ ಕಟ್ಟಿರಲಿಲ್ಲ, ಆದರೆ ವೇದಿಕೆಗೆ ಸೇವಂತಿಗೆ ಹೂವಿನ ಕಮಾನು ಕಟ್ಟಿದ್ದರು. ಫೈನಲ್ಲಿಗೆ ಮೊದಲು ಆರೂ ತಂಡಗಳ ಪಥಸಂಚಲನ ಎಂದು ನನಗೆ ಗೊತ್ತಿತ್ತು. ಆಯಾ ದೇಶದ ವೇಷದಲ್ಲಿ ನಡೆಯಬೇಕು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ನಮ್ಮ ಕಡೆ ಯಾವ ಸಮಾರಂಭವಾದರೂ ಒಂದು ವೇಷದ ಮೆರವಣಿಗೆ ಆಗಬೇಕು, ಅದಿಲ್ಲದೆ ಗಣ್ಯರಿಗೆ ಕುರ್ಚಿಯಲ್ಲಿ ಕೂತ ಹಾಗೇ ಆಗುವುದಿಲ್ಲ. ಜಪಾನಿಗೆ ಕಾಗದದ ಬೀಸಣಿಗೆ, ಮೆಕ್ಸಿಕೊಗೆ ಅಗಲ ಟೋಪಿ, ಸ್ಪೇನಿಗೆ ಕೆಂಪು ರೇಷ್ಮೆ ಶಾಲು.

ನಮಗೆ ತೆಂಗಿನ ಗರಿ ಸೀಳಿ ಕಟ್ಟಿದ ಹನ್ನೆರಡು ಲಂಗ. ಜೊತೆಗೊಂದು ಸ್ಟೀಲ್ ಬೋಗುಣಿ, ಅದರಲ್ಲಿ ಇದ್ದಿಲ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಮಸಿ. ಮುಖಕ್ಕೂ ಕೈಕಾಲಿಗೂ ಹಚ್ಚಿಕೊಳ್ಳಬೇಕಂತೆ.

ತಂದುಕೊಟ್ಟವರು ಟೂರ್ನಿಯ ಸಂಚಾಲಕರು. ಐವತ್ತರ ಆಸುಪಾಸಿನ, ಬಿಳಿ ಷರಟಿನ, ನಗುಮುಖದ ಮನುಷ್ಯ. ಹುಡುಗಿಯರನ್ನು ಒಂದು ಸುತ್ತು ನೋಡಿ, "ನಿಮ್ಮೋರಿಗೆ ಜಾಸ್ತಿ ಹಚ್ಚೋದೇನ್ ಬೇಕಾಗಲ್ಲ ಬಿಡಿ ಮೇಡಂ, ಅರ್ಧ ಕೆಲ್ಸ ದೇವ್ರೇ ಮಾಡವ್ನೆ" ಎಂದರು.

ನಾನು ನಕ್ಕೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಗಣ್ಯರ ಪಕ್ಕದಲ್ಲಿ ಓಡಾಡುವವರು ನಗಿಸಲು ನೋಡಿದರೆ ಹಲ್ಲು ಬಿಡುವುದು ಇಪ್ಪತ್ತೆರಡು ವರ್ಷದ ನೌಕರಿ ಕಲಿಸಿದ ಅಭ್ಯಾಸ. ಹತ್ತು ರೂಪಾಯಿಗೆ ಎದ್ದು ನಿಂತ ಕೋಪ ಆಗ ಎಲ್ಲಿ ಹೋಗಿತ್ತೋ! ಹುಡುಗಿಯರಲ್ಲಿ ಹೆಚ್ಚಿನವರು ಕೇರಿಯವರು, ಇಬ್ಬರ ಮನೆಯಲ್ಲಿ ಬುದ್ಧನ ಪಟವಿದೆ. ಇಂಥ ಮಾತು ಅವರಿಗೆ ಹೊಸದಲ್ಲ. ಆದರೆ ಅವರ ಮೇಡಂ ಅದಕ್ಕೆ ನಕ್ಕಿದ್ದು ಹೊಸದು.

ಸಂಚಾಲಕರು ಹೋದ ಮೇಲೆ ರೂಪಾ ಬೋಗುಣಿಯನ್ನು ಎತ್ತಿ ದೂರ ಇಟ್ಟು ಬಂದಳು. ಆಡಲು ಬಂದಿದ್ದೇವೆ, ಇದನ್ನು ಹಚ್ಚಿಕೊಳ್ಳುವುದಿಲ್ಲ ಎಂದಳು. ನಾನು ಸಮಾಧಾನ ಹೇಳಲು ಹೋದೆ. ಹತ್ತು ನಿಮಿಷದ ಕೆಲಸ, ಸೋಪು ಹಾಕಿ ತೊಳೆದರೆ ಹೋಗುತ್ತದೆ, ನಿನ್ನ ವಯಸ್ಸಿನ ಲೆಕ್ಕ ನೆನಪಿರಲಿ, ಹಾಸ್ಟೆಲ್ಲಿಗೆ ಆರಿಸಲು ಬಂದವರು ಇವತ್ತೊಂದೇ ದಿನ ಇರುತ್ತಾರೆ ಎಂದೆಲ್ಲ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಕಂಡಕ್ಟರ್ ಹತ್ರ ಕಡೂರ್‌ಗಂಟ ಜಗಳ ಆಡಿದ್ರಿ ಮೇಡಂ. ಇದಕ್ಕೆ ಯಾಕ್ ಸುಮ್ಕಿದೀರ?"

ಅವಳು ಹೋಗಿ ಮೈದಾನದ ಸುಣ್ಣದ ಗೆರೆಯ ಮೇಲೆ ಕೂತಳು. ಉಳಿದ ಹನ್ನೊಂದು ಜನ ಸಾಲಾಗಿ ಅವಳ ಪಕ್ಕ ಕೂತರು. ಬಾವುಟವನ್ನು ಮಡಿಲ ಮೇಲೆ ಹಾಸಿಕೊಂಡರು.

ಸಂಚಾಲಕರು ಓಡಿ ಬಂದರು. ಈಗ ಮುಖದಲ್ಲಿ ನಗು ಇರಲಿಲ್ಲ. ಪಥಸಂಚಲನ ಮಾಡದ ತಂಡಕ್ಕೆ ಫೈನಲ್ ಇಲ್ಲ, ತರೀಕೆರೆಯವರನ್ನು ಆಡಿಸುತ್ತೇವೆ ಎಂದರು. ಆಗ ನನ್ನ ಕೋಪ ಕೊನೆಗೂ ಬಂತು. ಶಾಮಿಯಾನದ ಹಿಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಆಡುವ ಮಕ್ಕಳಿಗೆ ಮಸಿ ಬಳಿಯಲು ಕರೆಸಿದಿರಾ, ನಿಮ್ಮ ಮನೆಯ ಹುಡುಗಿಗೆ ಬಳಿದು ಕುರ್ಚಿಯವರ ಮುಂದೆ ನಡೆಸುತ್ತೀರಾ ಎಂದು ಕೇಳಿದೆ. ಸಮಿತಿಯ ನಾಲ್ಕು ಜನ ಸೇರಿದರು. ಯಾರೂ ನನ್ನ ಮೇಲೆ ಕೂಗಾಡಲಿಲ್ಲ, ಅದೇ ನನ್ನನ್ನು ಸೋಲಿಸಿತು. ಒಬ್ಬರು ಗಡಿಯಾರ ನೋಡಿಕೊಂಡು, ಆಯ್ಕೆ ಅಧಿಕಾರಿ ಊಟ ಮಾಡಿ ಹೊರಡುತ್ತಾರೆ ಎಂದರು. ಇನ್ನೊಬ್ಬರು ಬಿಳಿ ಹಾಳೆ ತಂದರು.

"ಒಂದ್ ಮುಚ್ಚಳಿಕೆ ಬರ್ಕೊಟ್ಬಿಡಿ ಮೇಡಂ, ನಮ್ಗೂ ಫೈಲಿಗೊಂದ್ ಕಾಗ್ದ ಬೇಕಲ್ಲ" ಎಂದರು ಸಂಚಾಲಕರು. "ಬಣ್ಣ ಬ್ಯಾಡ, ಆಡ್ಲಿ."

ನಮ್ಮ ಸೀಮೆಯಲ್ಲಿ ಯಾವ ಗಲಾಟೆಯೂ ಮುಗಿಯುವುದು ಹೀಗೆಯೇ. ಯಾರದ್ದು ಸರಿ ಎಂದು ಯಾರೂ ಕೇಳುವುದಿಲ್ಲ, ಬಗ್ಗುವವರು ಯಾರು ಎಂದು ನೋಡಿ ಅವರ ಕೈಗೆ ಪೆನ್ನು ಕೊಡುತ್ತಾರೆ. ಕುರ್ಚಿಯ ಮೇಲೆ ಒಟ್ಟಿದ್ದ ಹಾರಗಳನ್ನು ಸರಿಸಿ ಕೂತು, ಅವರು ಹೇಳಿದಂತೆ ಬರೆದೆ. ನಮ್ಮ ಕ್ರೀಡಾಪಟುಗಳಿಗೆ ಚರ್ಮದ ತೊಂದರೆ ಇರುವುದರಿಂದ ಬಣ್ಣ ಹಚ್ಚಿಕೊಳ್ಳಲು ಆಗಿರುವುದಿಲ್ಲ. ತಂಡದ ನಾಯಕಿ ತೋರಿದ ಅಶಿಸ್ತಿಗೆ ತಂಡದ ಪರವಾಗಿ ಕ್ಷಮೆ ಕೋರುತ್ತೇನೆ. ಇನ್ನು ಮುಂದೆ ಅವಳಿಂದ ಇಂಥ ನಡತೆ ಆಗದಂತೆ ನೋಡಿಕೊಳ್ಳುತ್ತೇನೆ. ಕೆಳಗೆ ಸಹಿ. ಅಕ್ಷರ ದುಂಡಗೇ ಬಂತು.

ಗೆರೆಯ ಹತ್ತಿರ ಹೋಗಿ, ಬಣ್ಣ ಬೇಡವಂತೆ, ಒಪ್ಪಿದರು, ಏಳಿ ಎಂದೆ. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ತಬ್ಬಿಕೊಂಡರು. ರೂಪಾ ನನ್ನ ಕೈ ಹಿಡಿದು ಒತ್ತಿದಳು. ನಾನು ಶಾಮಿಯಾನದ ಹಿಂದೆ ಕೂಗಾಡಿದ್ದು ಅವಳಿಗೆ ಕೇಳಿಸಿತ್ತು, ಅದರಿಂದಲೇ ಆಯಿತು ಎಂದುಕೊಂಡಳು. ಗರಿಯ ಲಂಗವನ್ನೂ ಅಲ್ಲೇ ಬಿಟ್ಟು, ಮಾಸಿದ ನೀಲಿ ಜೆರ್ಸಿಯಲ್ಲೇ, ಹೊಲಿದ ಬಾವುಟ ಹಿಡಿದು, ಎಲ್ಲರಿಗಿಂತ ಹಿಂದೆ ನಡೆದರು. ಕುರ್ಚಿಯವರು ಯಾವ ವ್ಯತ್ಯಾಸವನ್ನೂ ಗಮನಿಸಲಿಲ್ಲ. ಅವರಿಗೆ ಅಷ್ಟೂ ಬೇಕಿರಲಿಲ್ಲ.

ಸ್ಪೇನ್ ಮತ್ತು ಕ್ಯಾಮರೂನ್ ಫೈನಲ್ ಹನ್ನೆರಡು ಗಂಟೆಯ ಬಿಸಿಲಲ್ಲಿ ಶುರುವಾಯಿತು. ಆಟದ ಬಗ್ಗೆ ಓದುಗರಿಗೆ ನಾನು ವಿವರವಾಗಿ ಹೇಳಬೇಕಿತ್ತು, ಆದರೆ ಹೇಳಲಾರೆ. ನಾನು ಬರೆದ ಹಾಳೆ ಮೈಕಿನವನ ಮೇಜಿನ ಮೇಲೆ, ಒಂದು ನೀರಿನ ಬಾಟಲಿಯ ಕೆಳಗಿತ್ತು. ಅವನು ದಾನಿಗಳ ಹೆಸರು ಓದುತ್ತಿದ್ದ, ಪ್ರಾಯೋಜಕರ ಹೆಸರು ಓದುತ್ತಿದ್ದ, ಕೈಗೆ ಸಿಕ್ಕ ಕಾಗದವನ್ನೆಲ್ಲ ಓದುತ್ತಿದ್ದ. ಇದನ್ನೂ ಓದಿಬಿಟ್ಟರೆ ಏನು ಗತಿ ಎಂದು ಅವನ ಕೈಯನ್ನೇ ನೋಡುತ್ತ ನಿಂತಿದ್ದೆ. ಒಮ್ಮೆ ಬಾಟಲಿ ಎತ್ತಿ ನೀರು ಕುಡಿದ, ಹಾಳೆ ಹಾರಿ ಕೆಳಗೆ ಬಿತ್ತು, ಎತ್ತಿ ಮತ್ತೆ ಇಟ್ಟ. ಅದೇ ಹೊತ್ತಿಗೆ ಮೈದಾನದಲ್ಲಿ ಹೋ ಎಂದು ಕೂಗೆದ್ದಿತು. ರೂಪಾ ಮೂವತ್ತು ಗಜ ದೂರದಿಂದ ಎಡಗಾಲಲ್ಲಿ ಗೋಲು ಹೊಡೆದಿದ್ದಳು. ಮೂರು ವರ್ಷ ನಾನು ಕಲಿಸಿದ ಹೊಡೆತ. ನಾನದನ್ನು ನೋಡಲಿಲ್ಲ.

ಎರಡು ಒಂದರಿಂದ ಸೋತೆವು. ಬಲೆಯಿಲ್ಲದ ಪೋಸ್ಟಿನ ಹೊರಗೆ ಹೋದ ಚೆಂಡನ್ನು ರೆಫರಿ ಗೋಲೆಂದು ಕೊಟ್ಟ ಎಂದು ಹುಡುಗಿಯರು ಹೇಳುತ್ತಾರೆ. ಇದ್ದರೂ ಇರಬಹುದು, ನಾನು ಸಾಕ್ಷಿ ಹೇಳಲಾರೆ. ಆಯ್ಕೆ ಅಧಿಕಾರಿ ಊಟಕ್ಕೆ ಏಳುವ ಮೊದಲು ರೂಪಾಳನ್ನು ಕರೆದು, ಹೆಸರು, ವಯಸ್ಸು, ವಿಳಾಸ ಬರೆದುಕೊಂಡು, ಮುಂದಿನ ತಿಂಗಳು ಹಾಸಿಗೆ ಪೆಟ್ಟಿಗೆ ಸಮೇತ ಬಂದುಬಿಡು ಎಂದರು. ಅವರ ಮಾತು ಮುಗಿಯುವವರೆಗೂ ನನ್ನ ಕಣ್ಣು ಮೈಕಿನವನ ಮೇಜಿನ ಮೇಲೇ ಇತ್ತು.

ಹೊರಡುವ ಮುಂಚೆ ಮೈಕಿನ ಮೇಜಿನ ಹತ್ತಿರ ಹೋಗಿ ಆ ಹಾಳೆ ವಾಪಸು ಕೊಡಿ ಎಂದು ಕೇಳಿದೆ. ಫೈಲಿಗೆ ಸೇರಿತು ಎಂದರು. ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಜಗಳವಾಡಲೂ ಆಗಲಿಲ್ಲ.

ಮಧ್ಯಾಹ್ನದ ಪ್ಯಾಸೆಂಜರ್ ರೈಲು ಹಿಡಿದು ಬೀರೂರಿನ ಮೇಲೆ ಕಡೂರಿಗೆ ಹೊರಟೆವು. ರೈಲಿನಲ್ಲಿ ಹೆಂಗಸರಿಗೂ ಟಿಕೆಟ್ ಉಂಟು, ತೆಗೆಸಿದೆ. ಯಾರೋ ಕೊಟ್ಟ ಕಡಲೆಕಾಯಿ ಸುಲಿಯುತ್ತ ಹುಡುಗಿಯರು ಎದುರು ಬದುರು ಕೂತರು. ಅಜ್ಜಂಪುರದ ಶಾಮಿಯಾನ ದೂರದಲ್ಲಿ ಇನ್ನೂ ಕಾಣುತ್ತಿತ್ತು. ಚಿಕ್ಕವಳೊಬ್ಬಳು, ಅವರು ಯಾಕೆ ಒಪ್ಪಿದರಕ್ಕಾ ಎಂದು ರೂಪಾಳನ್ನು ಕೇಳಿದಳು.

"ಗಟ್ಟಿಯಾಗ್ ಕೂತ್ಕಂಡ್ರೆ ಎಂಥೋರೂ ಬಗ್ತಾರೆ ಕಣೇ" ಎಂದಳು ರೂಪಾ. "ಕ್ಷಮೆ ಗಿಮೆ ಏನೂ ಕೇಳ್ಬಾರ್ದು. ಎಲ್ಲೋದ್ರೂ ಹಿಂಗೇ ಮಾಡ್ಬೇಕು. ಅಲ್ವಾ ಮೇಡಂ?"

ಹೌದು ಕಣೇ ಎಂದೆ. ಮುಂದಿನ ತಿಂಗಳು ಅವಳು ಆ ಹಾಸ್ಟೆಲ್ಲಿಗೆ ಹೋಗುತ್ತಾಳೆ. ಅಲ್ಲೂ ಯಾರಾದರೂ ಒಂದು ಬೋಗುಣಿ ತಂದಿಟ್ಟೇ ಇಡುತ್ತಾರೆ, ಅವಳು ಗೆರೆಯ ಮೇಲೆ ಕೂತೇ ಕೂರುತ್ತಾಳೆ. ಕೂರುವುದಿಲ್ಲ ಎಂದು ನಾನು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ.