ಹದಿನಾಲ್ಕು ದಿನ ನೆನೆದ ಮಿದುಳು

ಅಂದು ಬೆಳಿಗ್ಗೆ ಒಣಗಾಳಿ ಜೋರಾಗಿ ಬೀಸುತ್ತಿತ್ತು. ಪ್ರಾಣಿಗೃಹದ ತಗಡಿನ ಮಾಡು ಪಟಪಟನೆ ಬಡಿದುಕೊಳ್ಳುತ್ತಿದ್ದರೂ ಆಕಾಶ ಮಾತ್ರ ಈಗಷ್ಟೇ ಒರೆಸಿಟ್ಟ ಗಾಜಿನಂತೆ ನಿರ್ಮಲವಾಗಿತ್ತು. ಎಚ್‌ಐವಿ ಸೋಂಕು ಮಿದುಳಿನ ರಚನೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಇಲಿಗಳ ಮೂಲಕ ಅರಿಯಲು ಮೂವತ್ತನಾಲ್ಕು ವರ್ಷ ದುಡಿದು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿಯವರ ಬಾಳಿನಲ್ಲಿ ಆ ಬೆಳಗಿಗೆ ಅದರದೇ ಆದ ಸ್ಥಾನವಿದೆ. ಅಲ್ಲಿಗೆ ಬರುವ ಮುನ್ನ ಅವರು ನಡೆದ ದಾರಿಯನ್ನು ಕೊಂಚ ಹೇಳಬೇಕು.

ಅವರು ಈ ಕ್ಷೇತ್ರಕ್ಕೆ ಕಾಲಿಟ್ಟ ಮೇಲಿನ ವರ್ಷಗಳಲ್ಲಿ ಒಳ್ಳೆಯ ಔಷಧಗಳು ಬಂದು ರಕ್ತದಲ್ಲಿನ ವೈರಸ್ಸನ್ನು ಹಿಡಿದಿಟ್ಟವು. ಆದರೂ ಕೆಲವು ರೋಗಿಗಳಿಗೆ ಮರೆವು ಕಾಡುತ್ತಿತ್ತು, ನಡಿಗೆ ತಪ್ಪುತ್ತಿತ್ತು. ಬದುಕಿರುವ ಮನುಷ್ಯನ ಮಿದುಳನ್ನು ತೆರೆದು ನೋಡುವಂತಿಲ್ಲ. ಆದ್ದರಿಂದ, ಇಲಿಗೆ ತಗಲುವಂತೆ ಆದರೆ ಮನುಷ್ಯನಿಗೆ ತಗಲದಂತೆ ಮಾರ್ಪಡಿಸಿದ ವೈರಸ್ಸನ್ನು ಹಿಡಿದು ಅವರು ಕೆಲಸಕ್ಕೆ ಕೂತರು. ಬೀದಿಯವರು 'ಇಲಿ ಮೇಡಂ' ಎಂದು ಹೆಸರಿಟ್ಟರು. ಅವರ ತಾಯಿಯಂತೂ ಮನೆಗೆ ಬಂದವರಿಗೆಲ್ಲ, "ಮಿಕ್ಕವರು ಇಲಿ ಕಾಟ ತಾಳಲಾರದೆ ಬೋನು ತರ್ತಾರೆ, ನನ್ನ ಮಗಳು ಇಲಿ ಸಾಕೋದಕ್ಕೇ ಸಂಬಳ ತಗೊಳ್ತಾಳೆ" ಎಂದು ಹೇಳಿ ನಗಿಸುತ್ತಿದ್ದರು.

ಇಲಿಯನ್ನು ಎತ್ತುವ ಮುನ್ನ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಬೇಕೆಂಬುದು ಅವರು ಹೇಳಿಕೊಡುತ್ತಿದ್ದ ಮೊದಲ ಪಾಠ. ಪ್ರಾಣ ತೆಗೆಯಲೇಬೇಕಾದ ಗಳಿಗೆಯಲ್ಲಿ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಬೇಡಿಕೊಂಡು, ಆಮೇಲಷ್ಟೇ ಕೈ ಹಾಕುತ್ತಿದ್ದರು. ಒಬ್ಬ ವಿದ್ಯಾರ್ಥಿಯ ತಂದೆ ಆಸ್ಪತ್ರೆ ಸೇರಿದಾಗ, ಹನ್ನೊಂದು ದಿನ ಅವನ ಪಾಲಿನ ಮಿದುಳುಗಳನ್ನೆಲ್ಲ ಕೂದಲೆಳೆಗಿಂತ ತೆಳುವಾಗಿ ತಾವೇ ಸೀಳಿ ಗಾಜಿನ ಮೇಲೆ ಹರಡಿಟ್ಟವರು ಅವರು. ಅವನು ಮರಳಿ ಬಂದಾಗ ತಾವಾಗಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ಬೆಳಗು ಬಂದದ್ದು ಅವರ ಸೇವೆಯ ಇಪ್ಪತ್ತೆರಡನೆಯ ವರ್ಷದಲ್ಲಿ. ಸೋಂಕು ತಗಲಿದ ಇಲಿಗಳಲ್ಲಿ ನೆನಪನ್ನು ಕಾಯುವ ಮಿದುಳಿನ ಭಾಗ ಗಣನೀಯವಾಗಿ ಕುಗ್ಗುತ್ತದೆಂಬ ಅವರ ಪ್ರಬಂಧ ಎಂಟು ತಿಂಗಳ ಹಿಂದೆ ಪ್ರಕಟವಾಗಿ, ದೂರದೂರದಿಂದ ಮೆಚ್ಚುಗೆಯ ಪತ್ರಗಳು ಬರುತ್ತಿದ್ದವು. ಹಿರಿಯ ಶಿಷ್ಯೆಯೊಬ್ಬಳ ಪದವಿ ಪೂರ್ತಿಯಾಗಿ ಅದರ ಮೇಲೆಯೇ ನಿಂತಿತ್ತು. ಮೂರು ವಾರದಲ್ಲಿ ಅವಳು ತನ್ನ ಮಹಾಪ್ರಬಂಧವನ್ನು ಒಪ್ಪಿಸಬೇಕಿತ್ತು. ಆಗ ಪ್ರಾಣಿಗೃಹ ನೋಡಿಕೊಳ್ಳುತ್ತಿದ್ದ ಹಿರಿಯರು, ಎಲ್ಲರೂ 'ದೊಡ್ಡಪ್ಪ' ಎಂದೇ ಕರೆಯುತ್ತಿದ್ದವರು, ದಿನಚರಿ ಪುಸ್ತಕವನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ಬಂದು ನಿಂತರು.

"ಮೇಡಂ, ಹೋದ ವರ್ಷ ಒಂದ್ಸಲ ಹೇಳೋಕೆ ಬಂದಿದ್ದೆ. ನೀವು ಗದರಿಸಿ ಕಳಿಸಿದ್ರಿ."

"ಏನಂದೆ ನಾನು?"

"ಪಂಜರ ನೀವು ನೋಡ್ಕೊಳ್ಳಿ, ಮಿದುಳು ನಾವು ನೋಡ್ಕೋತೀವಿ ಅಂದ್ರಿ. ಎಲ್ಲರೂ ನಕ್ಕರು." ಬೇಸರವೇನೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿದರು.

ಮೇಡಂ ಕುರ್ಚಿ ಎಳೆದು ಹಾಕಿದರು. "ಕೂತ್ಕೊಂಡು ಹೇಳಿ."

ಹೇಳಬೇಕಾದದ್ದು ಬಹಳವೇನಿರಲಿಲ್ಲ. ಸೋಂಕಿನ ಮಿದುಳನ್ನು ಹದಿನಾಲ್ಕು ದಿನ, ವೈರಸ್ಸನ್ನು ಕೊಲ್ಲುವ ದ್ರವವಾದ ಫಾರ್ಮಲಿನ್‌ನಲ್ಲಿ ಇಟ್ಟ ಮೇಲೆಯೇ ಮುಚ್ಚಿದ ಕೋಣೆಯಿಂದ ಹೊರಗೆ ತರಬೇಕು. ಅದು ಸುರಕ್ಷತೆಯ ನಿಯಮ. ಹೋಲಿಸಲು ಇಟ್ಟಿದ್ದ ಆರೋಗ್ಯವಂತ ಇಲಿಗಳಿಗೆ ಆ ಕಟ್ಟಳೆ ಇಲ್ಲ, ಅವುಗಳ ಮಿದುಳನ್ನು ಎರಡನೆಯ ದಿನವೇ ತೆಗೆದು ಅಳೆದಿದ್ದರು. ನಿಯಮವನ್ನು ಎಲ್ಲರೂ ಪಾಲಿಸಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಡಬ್ಬಿ ತೊಳೆಯುವ ದೊಡ್ಡಪ್ಪ ಒಬ್ಬರೇ.

"ಅಷ್ಟು ದಿನ ನೆನೆದ್ರೆ ಅಳತೆ ಬದಲಾಗಲ್ವಾ ಮೇಡಂ?"

ಅಲ್ಲೇ ಕೂತಿದ್ದ ಶಿಷ್ಯೆ ತಲೆಯೆತ್ತಿದಳು. "ದೊಡ್ಡಪ್ಪ, ನೀವು ಯಾರ ಕಡೆ?"

"ಇಲಿ ಕಡೆ ಕಣಮ್ಮ."

ಅವರು ಹೋದ ಮೇಲೆ ಅವಳ ಕಣ್ಣೀರು ಕಟ್ಟೆಯೊಡೆಯಿತು. "ಮೂರು ವಾರ ಕಳೆದ್ರೆ ನಂದು ಮುಗಿಯುತ್ತೆ. ಇದು ಯಾರಿಗೂ ಗೊತ್ತಾಗಲ್ಲ ಮೇಡಂ."

"ನಮಗೆ ಗೊತ್ತಾಯ್ತಲ್ಲ."

ಬೇರೊಂದು ಪ್ರಯೋಗ ಮುಗಿಸಿದ್ದ ಹನ್ನೆರಡು ಆರೋಗ್ಯವಂತ ಇಲಿಗಳ ಮಿದುಳನ್ನು ತೆಗೆದು, ಆರನ್ನು ಎರಡು ದಿನ, ಆರನ್ನು ಹದಿನಾಲ್ಕು ದಿನ ನೆನೆಯಿಟ್ಟರು. ಸೋಂಕಿನ ಸುಳಿವೇ ಇಲ್ಲದೆ, ಹೆಚ್ಚು ನೆನೆದವು ಪ್ರಬಂಧದಲ್ಲಿ ಹೇಳಿದಷ್ಟೇ ಕುಗ್ಗಿದ್ದವು. ಪ್ರಬಂಧವನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಮೇಡಂ ಅಳತೆ ಮುಗಿದ ದಿನವೇ ಬರೆದರು. ನಿರ್ದೇಶಕರು ಕರೆಸಿ, "ಇಪ್ಪತ್ತೆರಡು ವರ್ಷದ ಹೆಸರನ್ನ ಒಂದು ಹಾಳೆಯಲ್ಲಿ ಕಳ್ಕೊಳ್ತೀರಲ್ರೀ" ಎಂದರು. "ಸತ್ತ ಇಲಿಗಳ ಕೈಲಿ ಸುಳ್ಳು ಹೇಳಿಸಿ ಉಳಿಸಿಕೊಳ್ಳೋ ಹೆಸರು ನನಗೆ ಬೇಡ ಸರ್" ಎಂದು ಎದ್ದು ಬಂದರು.

ಹೊಸದಾಗಿ ಜೀವ ತೆಗೆಯಲು ಅವರಿಗೆ ಮನಸ್ಸಿರಲಿಲ್ಲ. ಶಿಷ್ಯೆಯನ್ನು ನಡುನೀರಿನಲ್ಲಿ ಬಿಡಲು ಮೊದಲೇ ಮನಸ್ಸಿರಲಿಲ್ಲ. ಹಳೆಯ ಪ್ರಯೋಗದ ಪ್ರತಿ ಮಿದುಳಿನ ಬಲ ಅರ್ಧವನ್ನಷ್ಟೇ ನೆನೆಯಿಟ್ಟಿದ್ದರಿಂದ, ಎಡ ಅರ್ಧ ಫಾರ್ಮಲಿನ್ ಸೋಕದೆ ಶೀತಪೆಟ್ಟಿಗೆಯಲ್ಲಿ ಉಳಿದಿತ್ತು. ಪುಸ್ತಕ ಬರೆಯಲೆಂದು ಪಡೆದಿದ್ದ ರಜೆಯನ್ನು ಬದಿಗೊತ್ತಿ, ಎರಡೆರಡು ಕೈಗವಸು ತೊಟ್ಟು, ಮುಚ್ಚಿದ ಕೋಣೆಯಲ್ಲಿ ಅವಳ ಪಕ್ಕ ಕೂತರು. ಅವಳು ಸೋತು ಕೈಚೆಲ್ಲಿದ ದಿನ, "ಅಳೋದಿದ್ರೆ ಹೊರಗೆ ಹೋಗಿ ಅತ್ತು ಬಾ, ಮುಖಗವಸು ಒದ್ದೆಯಾಗುತ್ತೆ" ಎನ್ನುತ್ತಿದ್ದರು, ಅವಳು ನಕ್ಕುಬಿಡುತ್ತಿದ್ದಳು. ಹದಿನಾಲ್ಕು ತಿಂಗಳ ಕೊನೆಗೆ ಉತ್ತರ ಸಿಕ್ಕಿತು: ನರಕೋಶಗಳು ಒಂದನ್ನೊಂದು ಮುಟ್ಟುವ ಕೂಡುತಾಣಗಳು, ಔಷಧ ಪಡೆದ ಇಲಿಗಳಲ್ಲಿ ಸಹ, ವಿರಳವಾಗಿದ್ದವು. ಹಳೆಯ ಪ್ರಬಂಧ ಹೇಳಿದ್ದಕ್ಕಿಂತ ಇದು ಸಣ್ಣ ಮಾತು, ಆದರೆ ಗಟ್ಟಿ ಮಾತು. ಆಮೇಲಿನವರೆಲ್ಲ ಕಟ್ಟಿದ್ದು ಇದರ ಮೇಲೆಯೇ. ಶಿಷ್ಯೆಗೆ ತಡವಾಗಿಯಾದರೂ ತಲೆಯೆತ್ತಿ ಹೇಳಿಕೊಳ್ಳಬಹುದಾದ ಪದವಿ ದಕ್ಕಿತು.

ಇನ್ನು ಮುಂದೆ ಗಡಿಯಾರದ ಹಂಗಿಲ್ಲದ ಬೆಳಗುಗಳು ಅವರವಾಗಲಿ, ಬದಿಗಿಟ್ಟ ಪುಸ್ತಕ ಅವರ ಕೈಯಿಂದಲೇ ಮುಗಿಯಲಿ, ಕಣ್ಣಿನ ಬೆಳಕೂ ಕೈಯ ಸ್ಥಿರತೆಯೂ ನೂರರವರೆಗೆ ಜೊತೆಗಿರಲಿ ಎಂದು ನಾವೆಲ್ಲ ಬೇಡಿಕೊಳ್ಳುವಾಗ, ಹೊಸ ಪ್ರಬಂಧವನ್ನು ಕಳುಹಿಸಬೇಕಿದ್ದ ಮಧ್ಯಾಹ್ನವೊಂದು ಕಣ್ಣ ಮುಂದೆ ಬರುತ್ತದೆ.

ದೊಡ್ಡಪ್ಪ ಪಂಜರ ತೊಳೆಯುತ್ತಿದ್ದರು. ಮೇಡಂ ಒಂದು ಹಾಳೆ ಹಿಡಿದು ಒಳಗೆ ಹೋದರು. ಪ್ರಬಂಧದ ಕರ್ತೃಗಳೆಲ್ಲ ಸಹಿ ಹಾಕಬೇಕಾದ ಪತ್ರ ಅದು. ಶಿಷ್ಯೆಯ ಹೆಸರಿನ ಕೆಳಗೆ ದೊಡ್ಡಪ್ಪನವರ ಪೂರ್ತಿ ಹೆಸರು ಅಚ್ಚಾಗಿತ್ತು.

"ಇದೇನು ಮೇಡಂ?"

"ನಿಮ್ಮದು. ಅವತ್ತು ಗದರಿಸಿ ಕಳಿಸಿದಾಗಿಂದ ನಾನೇ ಇಟ್ಕೊಂಡಿದ್ದೆ."

ಅವರು ನಲ್ಲಿ ನಿಲ್ಲಿಸಿ, ಎರಡೂ ಕೈಯನ್ನು ಬೆರಳು ಬೆರಳಾಗಿ ಒರೆಸಿಕೊಂಡು, ಪೆನ್ನು ತೆಗೆದುಕೊಂಡರು.