ಏಳು ಹಾಲಿಗೆ ಆರು ಕಲ್ದಾರ

ನನ್ನ ಮುತ್ತಜ್ಜ ಕಂಬಳಿ ಮಾರುತ್ತಿದ್ದ. ಹುನಗುಂದದಿಂದ ಕುದುರೆಯ ಮೇಲೆ ಕಂಬಳಿ ಹೇರಿಕೊಂಡು ಇಳಕಲ್ ದಾಟಿ ಹನುಮಸಾಗರದ ಕಡೆ ಹೋಗುತ್ತಿದ್ದನಂತೆ. ಇಳಕಲ್ಲಿನವರೆಗೆ ಮುಂಬಯಿ ಸರಕಾರದ ಸೀಮೆ, ಅದರಾಚೆ ನಿಜಾಮನದು. ಈಚೆ ನಡೆಯುವ ರೂಪಾಯಿಗೆ ಕಲ್ದಾರ ಎನ್ನುತ್ತಿದ್ದರು, ಆಚೆಯದಕ್ಕೆ ಹಾಲಿ ಸಿಕ್ಕಾ. ಆರು ಕಲ್ದಾರ ಕೊಟ್ಟರೆ ಏಳು ಹಾಲಿ ಬರುತ್ತಿದ್ದವು. ನಾನು ಬಾಗಲಕೋಟೆಯಲ್ಲಿ ಬ್ಯಾಂಕಿನ ನೌಕರ. ಡಾಲರಿನ ದರ ನೋಡಿ ನಿಟ್ಟುಸಿರು ಬಿಡುವುದು ನನ್ನ ದಿನಚರಿ. ಆದರೆ ವಿದೇಶಿ ವಿನಿಮಯದಲ್ಲಿ ನಮ್ಮ ಮನೆತನ ಮಾಡಿದ ಏಕೈಕ ಲಾಭ ಮುತ್ತಜ್ಜನದು. ಅದೂ ಸ್ವಂತ ಮಗನ ಮದುವೆಯಲ್ಲಿ.

ನಮ್ಮಲ್ಲಿ ಆಗ ಗಂಡಿನವರು ಹೆಣ್ಣಿನವರಿಗೆ ತೆರ ಕೊಟ್ಟು ಹೆಣ್ಣು ತರಬೇಕಿತ್ತು. ಹನುಮಸಾಗರದ ಕಡೆಯ ಹೆಣ್ಣು, ಎಪ್ಪತ್ತು ರೂಪಾಯಿ ತೆರ ಎಂದು ಹಿರಿಯರೆಲ್ಲ ಕೂತು ಮಾತು ಮುಗಿಸಿದರು. ಯಾವ ರೂಪಾಯಿ ಎಂದು ಒಬ್ಬ ಹಿರಿಯನೂ ಕೇಳಲಿಲ್ಲ. ಬೀಗರು ಈಚೆಯವರಲ್ಲವೆ, ಕಲ್ದಾರವೇ ತರುತ್ತಾರೆ ಎಂದು ಹೆಣ್ಣಿನವರು ತಿಳಿದರು. ಮುತ್ತಜ್ಜ ಕಂಬಳಿ ಮಾರಿ ಕೂಡಿಟ್ಟಿದ್ದ ಎಪ್ಪತ್ತು ಹಾಲಿ ಎಣಿಸಿ ಇಟ್ಟ. ಹೆಣ್ಣಿನ ಅಪ್ಪ ಮುಖ ನೋಡಿದಾಗ ಮುತ್ತಜ್ಜ, "ನಿಮ್ಮೂರಾಗ ನಿಮ್ಮ ರೊಕ್ಕ ನಡೀತೈತಿ. ನಮ್ಮ ರೊಕ್ಕ ತಗೊಂಡು ಏನ್ ಮಾಡ್ತೀರಿ?" ಎಂದನಂತೆ. ಅರಿಷಿಣ ಹಚ್ಚಿದ ಮಗಳನ್ನು ಒಳಗೆ ಕೂರಿಸಿಕೊಂಡು ಜಗಳ ಮಾಡುವವರು ಯಾರು? ಎಪ್ಪತ್ತು ಹಾಲಿ ಎಂದರೆ ಅರವತ್ತೇ ಕಲ್ದಾರ, ಹತ್ತು ಕಲ್ದಾರ ಉಳಿಯಿತು. ಉಳಿದ ದುಡ್ಡಿನಲ್ಲಿ ಮುತ್ತಜ್ಜ ತನ್ನ ಮಗಳಿಗೊಂದು ಇಳಕಲ್ ಸೀರೆ ತಂದ.

ಆ ಹೆಣ್ಣು ನನ್ನ ಅಜ್ಜಿ. ನಾವೆಲ್ಲ ಆಯಿ ಎನ್ನುತ್ತೇವೆ. ಆ ಸೀರೆ ಉಟ್ಟವಳು ಅಜ್ಜನ ತಂಗಿ, ಎಂದರೆ ಆಯಿಯ ನಾದಿನಿ. ಇಬ್ಬರೂ ಇನ್ನೂ ಗಟ್ಟಿಯಾಗಿದ್ದಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಾದಿನಿಗೆ ಮಾತ್ರ ಸರ್ವಕಾಲ. ಹಾಲಿ ಸಿಕ್ಕಾ ಸತ್ತು, ನಿಜಾಮನ ಸೀಮೆ ಹೋಗಿ, ಆಣೆಗಳೂ ಮುಳುಗಿದವು. ನಮ್ಮ ಮನೆಯಲ್ಲಿ ಮಾತ್ರ ಹಳೆಯ ದರ ಕದಲಲಿಲ್ಲ. ಆಯಿ ಯಾವ ವಿಷಯಕ್ಕೆ ಬಾಯಿ ತೆರೆದರೂ ನಾದಿನಿ, "ಹಾಲಿ ರೊಕ್ಕದ ಸೊಸಿ ಮಾತೇನ್ ಕೇಳ್ತೀರಿ? ಏಳು ಮಾತಾಡಿದ್ರ ಆರ ನಡೀತಾವ" ಎನ್ನುತ್ತಿದ್ದಳು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಆಯಿ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ರೊಟ್ಟಿ ಬಡಿಯಲು ಹೋದಳೆಂದು ನಾವು ತಿಳಿಯುತ್ತಿದ್ದೆವು.

ಈ ವರ್ಷ ಇಳಕಲ್ಲಿನಲ್ಲಿ ನನ್ನ ಅಣ್ಣನ ಮಗಳ ಮದುವೆಯ ಮಾತುಕತೆ ನಡೆಯಿತು. ಹುಡುಗಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ಜೂನ್‌ನಲ್ಲಿ ಪರೀಕ್ಷೆ. ಬೀಗರಿಗೆ ಮದುವೆ ಮೇ ತಿಂಗಳಲ್ಲೇ ಆಗಬೇಕು. "ಮದುವಿ ಆದಮ್ಯಾಲ ಓದಿದ್ರಾತು ಬಿಡ್ರಿ" ಎಂದರು. ಹಾಗೆ ಓದಿದ ಸೊಸೆಯನ್ನು ನಮ್ಮ ಕಡೆ ಇನ್ನೂ ಯಾರೂ ಕಂಡಿಲ್ಲ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅಷ್ಟರಲ್ಲಿ ಮೂಲೆಯಿಂದ ಆಯಿ, "ಮೊದಲ ಪರೀಕ್ಷಿ ಮುಗೀಲ್ರಿ. ಆಮ್ಯಾಲ ತಾರೀಖ ಹಿಡೀರಿ" ಎಂದಳು.

ಬೀಗರು ಏನೋ ಯೋಚಿಸುತ್ತಿರುವಂತೆ ಕಂಡಿತು. ನಾದಿನಿಗೆ ತಡೆಯಲಾಗಲಿಲ್ಲ. ಹಾಲಿ ಸೊಸೆ, ಏಳಕ್ಕೆ ಆರು ಎಂದೇಬಿಟ್ಟಳು. ನಮ್ಮವರು ನಕ್ಕರು. ಬೀಗರಿಗೆ ಅರ್ಥವಾಗಲಿಲ್ಲ. ವಿನಿಮಯ ದರ ಎಂದರೆ ನನಗೆ ಸುಮ್ಮನಿರಲಾದೀತೆ? ಕಲ್ದಾರ, ಹಾಲಿ, ಎಪ್ಪತ್ತು, ಹತ್ತು ಎಂದು ಬೆರಳು ಮಡಿಸಿ ಸವಿಸ್ತಾರವಾಗಿ ಬಿಡಿಸಿ ಹೇಳಿದೆ. ಬೀಗರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅದೇ ನಗುವಿನಲ್ಲಿ ಮೇ ತಿಂಗಳ ತಾರೀಖು ನಿಕ್ಕಿಯಾಯಿತು, ಎಲ್ಲರಿಗೂ ಚಹಾ ಬಂತು.

ಮರುದಿನ ಆಯಿ ನನ್ನನ್ನು ಕರೆದಳು. "ನೀ ಬ್ಯಾಂಕಿನ್ಯಾಗ ಅದೀ. ಆಗಿನ ಹತ್ತು ಕಲ್ದಾರ ಇವತ್ತ ಎಷ್ಟ ಆಗ್ತಾವ, ಲೆಕ್ಕ ಮಾಡು."

ನನಗೆ ಹುರುಪು ಬಂತು. ಕಾಗದ ತಗೊಂಡು ಕೂತೆ. ಬ್ಯಾಂಕಿನ ಬಡ್ಡಿ ಹಾಕಿದರೆ ಒಂದು ಜೋಡಿ ಒಳ್ಳೆಯ ಚಪ್ಪಲಿಗೆ ಬಂದು ನಿಂತಿತು. ನಮ್ಮ ಬಡ್ಡಿಯ ಯೋಗ್ಯತೆಯೇ ಅಷ್ಟು. ಬಂಗಾರದಲ್ಲಿ ಹಾಕಿದರೆ ಸುಮಾರು ಒಂದು ಗ್ರಾಂ, ಈಗ ಅದರ ಬೆಲೆ ಕೇಳಿದರೇ ಬಾಯಿ ಒಣಗುತ್ತದೆ. ಒಂದು ಕುರಿ ಕೊಂಡಿದ್ದರೆ ಅದರ ಸಂತಾನ ಇಷ್ಟೊತ್ತಿಗೆ ಹುನಗುಂದ ತಾಲೂಕನ್ನೇ ಮೇದು ಮುಗಿಸುತ್ತಿತ್ತು. ಮೂರನ್ನೂ ಆಯಿಗೆ ಓದಿ ಹೇಳಿದೆ.

ಆಯಿ ಸೊಂಟದ ಚೀಲ ಬಿಚ್ಚಿದಳು. ವೃದ್ಧಾಪ್ಯ ವೇತನದ ನೋಟುಗಳು. "ಬಂಗಾರದ್ದ ಹಿಡಿ. ಇನ್ನೂ ಕಮ್ಮಿ ಬಿದ್ರ ಮುಂದಿನ ತಿಂಗಳ ಕೊಡ್ತೇನಿ. ಇದನ್ನ ತುಂಬಿದ್ರ ನನ್ನ ಮಾತು ಪೂರಾ ನಡೀತೈತೇನು?"

ನಾನು ನಕ್ಕುಬಿಟ್ಟೆ. ಹಾಳು ಚಾಳಿ.

"ನಗಬ್ಯಾಡ," ಎಂದಳು ಆಯಿ. "ಆಕಿ ಅಂದಿದ್ದಕ್ಕ ನನಗೇನಿಲ್ಲ. ಆಕಿ ನಾದಿನಿ, ಅಂದ ಅಂತಾಳ. ಬೀಗರು ಇನ್ನೇನ ಹೂಂ ಅನ್ನಾವ್ರಿದ್ರು. ಅವರಿಗೆ ತಿಳಿಯೂ ಹಂಗ ಬಿಡಿಸಿ ಹೇಳಿದಾವ ನೀ. ಹುಡುಗಿ ಓದು ನಿನ್ನ ಬಾಯಿಂದ ಹೋತು."

ನನಗೆ ಬಹಳ ನಾಚಿಕೆಯಾಯಿತು. ನೋಟುಗಳನ್ನು ಅವಳ ಚೀಲಕ್ಕೆ ಹಾಕಿ, ಫೋನ್ ತೆಗೆದು ಬೀಗರ ನಂಬರ್ ಒತ್ತಿದೆ. ಆಯಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತ ಕೂತಳು.

"ಏನ್ರಿ, ಮತ್ತೇನರ ಚ್ಯಾಷ್ಟಿ ಮಾತು ಐತೇನ್ರಿ?" ಎಂದು ಬೀಗರು ಆಗಲೇ ನಗತೊಡಗಿದ್ದರು.

"ಇಲ್ರಿ," ಎಂದೆ. "ನಮ್ಮ ಆಯಿ ನಿನ್ನೆ ಒಂದು ಮಾತು ಹೇಳಿದ್ಳಲ್ರಿ, ನಾ ಅದನ್ನ ಕೆಡಿಸಿದೆ. ಆಕಿ ಇಲ್ಲೇ ಅದಾಳ. ನಗಲಾರದ ಕೇಳ್ರಿ." ಫೋನನ್ನು ಆಯಿಯ ಕೈಗೆ ಕೊಟ್ಟೆ.